ಕಡಲ ಹೂವನ್ನು ಮನೆ ತುಂಬಿಸಿಕೊಳ್ಳುವುದು

ಕಳೆದ ಸಂಚಿಕೆಯ ಮೆಂತ್ಯ ಸೊಪ್ಪಿನ ಅಂಕಣ ಓದಿ ಹಲವರು ಫೋನ್ ಮಾಡಿದಿರಿ, ಸಂತೋಷ. ಈ ಸಲ ಹಿತ್ತಲು ಬಿಟ್ಟು ನಮ್ಮ ಡಬ್ಲಿನ್ ಮನೆಯ ಹಾಲ್‌ಗೆ ಬನ್ನಿ. ಅಲ್ಲಿರುವ ಹವಳದ ಅಕ್ವೇರಿಯಂ ಮುಂದೆ ನಿಂತ ಮಕ್ಕಳೆಲ್ಲ ಕೇಳುವುದು ಎರಡೇ ಪ್ರಶ್ನೆ: "ನೀಮೋ ಎಲ್ಲಿ?", "ಅದರ ಮನೆ ಎಲ್ಲಿ?" 2003ರ ಆ ಸಿನಿಮಾ ಮಾಡಿದ ಕೆಲಸ ಇದು!

ಆ ಮನೆಯ ಹೆಸರು ಸೀ ಅನಿಮೋನ್. ನಾನು ಕಡಲ ಹೂ ಎನ್ನುತ್ತೇನೆ. ಹೆಸರಿಗೆ ಹೂವಾದರೂ ಇದು ಪ್ರಾಣಿ. ಮೂಳೆಯಿಲ್ಲ, ಮಿದುಳಿಲ್ಲ, ತಿನ್ನುವುದಕ್ಕೂ ಹೊರಹಾಕುವುದಕ್ಕೂ ಒಂದೇ ಬಾಯಿ. ಬಾಯಿಯ ಸುತ್ತ ಕುಟುಕುವ ಬೆರಳುಗಳು. ಮೈಯೊಳಗೆ ಸಣ್ಣ ಪಾಚಿ ವಾಸವಾಗಿದ್ದು, ಬೆಳಕಿನಿಂದ ಅಡುಗೆ ಮಾಡಿ ಇದಕ್ಕೂ ಬಡಿಸುತ್ತದೆ. ಅಂಗಡಿಯಲ್ಲಿ ಅಚ್ಚ ಬಿಳಿಯ ಅನಿಮೋನ್ ಕಂಡರೆ ಚೆಂದವೆಂದು ಮರುಳಾಗಬೇಡಿ. ಅದು ಪಾಚಿ ಕಳೆದುಕೊಂಡು ಹಸಿದಿರುವ ಜೀವ.

ಸಮುದ್ರದಿಂದ ಕಿತ್ತು ತಂದದ್ದಕ್ಕಿಂತ ಯಾರದೋ ಮನೆಯ ತೊಟ್ಟಿಯಲ್ಲಿ ಬೆಳೆದದ್ದನ್ನು ತರುವುದು ಮೇಲು. ಬಬಲ್ ಟಿಪ್ ಎಂಬ ಜಾತಿ ತಾನೇ ಸೀಳಿ ಎರಡಾಗುತ್ತದೆ. ನಮ್ಮದೂ ಕಾರ್ಕ್‌ನ ಸ್ನೇಹಿತರೊಬ್ಬರ ಮನೆಯಲ್ಲಿ ಹೀಗೆ ಸೀಳಿದ್ದು. ಬೇರೆ ಮೀನಿನಂತೆ ಇದನ್ನು ಹೊಸ ತೊಟ್ಟಿಗೆ ಹಾಕುವಂತಿಲ್ಲ. ನೀರು ಹದಕ್ಕೆ ಬಂದು ಆರು ತಿಂಗಳಾದರೂ, ಸಾಧ್ಯವಾದರೆ ವರ್ಷ, ಕಳೆದಿರಬೇಕು. ನಲ್ಲಿ ನೀರು ಬೇಡ. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ, 25-26 ಡಿಗ್ರಿ ಬಿಸಿ.

ಚೀಲ ಮನೆಗೆ ಬಂದ ಮೇಲೆ ಅವಸರ ಬೇಡ. ಸಣ್ಣ ಕೊಳವೆಗೆ ಗಂಟು ಹಾಕಿ, ಆಸ್ಪತ್ರೆಯಲ್ಲಿ ಡ್ರಿಪ್ ಕೊಟ್ಟಂತೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಸೇರಿಸುತ್ತ ಒಂದು ಗಂಟೆ ಕಾಯಿರಿ. ಆಮೇಲೆ ಪಂಪ್ ನಿಲ್ಲಿಸಿ, ಬಂಡೆಯ ಒಂದು ಸಂದಿನ ಬಳಿ ಪಾದ ಕೆಳಗಾಗುವಂತೆ ಬಿಡಿ. ಪಾದವೆಂದರೆ ಬುಡದ ತಟ್ಟೆ. ಅದು ಹರಿದರೆ ಬದುಕುವುದು ಕಷ್ಟ, ಹಾಗಾಗಿ ಕಚ್ಚಿಕೊಂಡದ್ದನ್ನು ಎಳೆಯಬಾರದು. ಅದು ಹಿಡಿದುಕೊಂಡ ಮೇಲೆ ಪಂಪ್ ಹಚ್ಚಿ.

ಆಮೇಲಿನ ಹತ್ತು ದಿನ ಮನೆಯವರ ಪರೀಕ್ಷೆ. ನಾವು ತೋರಿಸಿದ ಜಾಗ ಅದಕ್ಕೆ ಹಿಡಿಸದಿದ್ದರೆ ರಾತ್ರೋರಾತ್ರಿ ನಡೆದು ಹೋಗುತ್ತದೆ. ಹೌದು, ನಡೆಯುತ್ತದೆ! ದಾರಿಯಲ್ಲಿ ಸಿಕ್ಕ ಹವಳಗಳನ್ನು ಕುಟುಕುತ್ತದೆ. ಪಂಪಿನ ಬಾಯಿಗೆ ಸಿಕ್ಕರಂತೂ ಮುಗಿಯಿತು: ಚೂರಾದ ಅನಿಮೋನ್ ನೀರು ಕೆಡಿಸಿ ಇಡೀ ತೊಟ್ಟಿಯನ್ನೇ ಕೊಲ್ಲಬಹುದು. ಆದ್ದರಿಂದ ಅದು ಬರುವ ಮೊದಲೇ ಪಂಪುಗಳ ಬಾಯಿಗೆ ಸ್ಪಂಜೋ ಜಾಲರಿಯೋ ಕಟ್ಟಿರಬೇಕು. ಒಂದು ದಿನ ಬಲೂನಿನಂತೆ ಉಬ್ಬಿ, ಮರುದಿನ ಹಳೆಯ ನಿಂಬೆ ಉಪ್ಪಿನಕಾಯಿಯಂತೆ ಮುದುಡಿದರೆ ಗಾಬರಿ ಬೇಡ, ಒಳಗಿನ ಕಸ ಹೊರಹಾಕುತ್ತಿರಬಹುದು. ಬಾಯಿ ಜೋತು ತೆರೆದೇ ಇದ್ದರೆ, ಮೈ ಕರಗಿ ದುರ್ನಾತ ಬಂದರೆ ಮಾತ್ರ ಮುಲಾಜಿಲ್ಲದೆ ಹೊರಗೆ ತೆಗೆಯಿರಿ. ನಮ್ಮ ಮನೆಯಲ್ಲಿ ಆ ಹತ್ತು ದಿನ ಬೆಳಗಿನ ಕಾಫಿಗೂ ಮೊದಲು ಎಲ್ಲರೂ ಟಾರ್ಚ್ ಹಿಡಿದು ನಿಲ್ಲುತ್ತಿದ್ದೆವು. ಹನ್ನೊಂದನೆಯ ದಿನ ಅದು ಒಂದು ಸಂದಿನಲ್ಲಿ ಪಾದ ಊರಿತು. ಈಗಲೂ ಅಲ್ಲೇ ಇದೆ.

ಮೊದಲ ವಾರ ಊಟ ಬೇಡ. ಆಮೇಲೆ ವಾರಕ್ಕೊಮ್ಮೆ ಬೆರಳುಗುರಿನಷ್ಟು ಸಿಗಡಿ ಸಾಕು. ಅತಿಥಿಗೆ ಬಡಿಸಿದಂತೆ ಬಡಿಸಿದರೆ ಉಗುಳುತ್ತದೆ! ನೀಮೋ ಜೋಡಿಯನ್ನೂ ತಡವಾಗಿ ಬಿಡಿ. ಇನ್ನೂ ನೆಲೆ ನಿಲ್ಲದ ಅನಿಮೋನ್ ಮೇಲೆ ಅವು ಉರುಳಾಡಿ ಕಾಟ ಕೊಡುತ್ತವೆ.

ಐರ್‌ಲೆಂಡಿನಲ್ಲಿ ಇನ್ನೊಂದು ಚಿಂತೆ ಇದೆ, ಗಾಳಿ. 2025ರ ಜನವರಿ 24ರಂದು ಏಯೊವಿನ್ ಬಿರುಗಾಳಿ ಬಂದಾಗ 7,68,000 ಮನೆ-ಅಂಗಡಿಗಳ ಕರೆಂಟ್ ಹೋಯಿತು. ಹೀಟರ್ ನಿಂತರೆ ತಡೆದುಕೊಳ್ಳಲು ಸ್ವಲ್ಪ ಹೊತ್ತಿದೆ, ತೊಟ್ಟಿಗೆ ಕಂಬಳಿ ಹೊದಿಸಬಹುದು. ನೀರಿನಲ್ಲಿ ಆಮ್ಲಜನಕ ಇಳಿಯುವುದೇ ಬೇಗ. ಬ್ಯಾಟರಿಯ ಗಾಳಿ ಪಂಪ್ ಒಂದು ಮನೆಯಲ್ಲಿರಲಿ, ಬೆಲೆ ಹೆಚ್ಚಿಲ್ಲ.

ಇಷ್ಟೆಲ್ಲ ಯಾಕೆ ಎನ್ನುವಿರಾ? ಇದರ ಆಯುಸ್ಸು ಕೇಳಿ. 1828ರಲ್ಲಿ ಸ್ಕಾಟ್ಲೆಂಡಿನ ಜಾನ್ ಡ್ಯಾಲಿಯೆಲ್ ಎಂಬ ನಿಸರ್ಗಪ್ರೇಮಿ ಕಡಲತೀರದಿಂದ ಒಂದು ಕೆಂಪು ಅನಿಮೋನ್ ತಂದು ಎಡಿನ್‌ಬರೋದಲ್ಲಿ ಗಾಜಿನ ಪಾತ್ರೆಯಲ್ಲಿ ಸಾಕಿದರು. ಅವರು 1851ರಲ್ಲಿ ತೀರಿಕೊಂಡರು, ಅದು ತೀರಲಿಲ್ಲ! ಕೈಯಿಂದ ಕೈಗೆ ದಾಟುತ್ತ, ನೂರಾರು ಮರಿ ಹಾಕುತ್ತ 1887ರವರೆಗೆ ಬದುಕಿತು. ಎಲ್ಲರೂ ಅದನ್ನು ಕರೆಯುತ್ತಿದ್ದುದು "ಗ್ರ್ಯಾನಿ" ಎಂದು, ಅಂದರೆ ನಮ್ಮ ಅಜ್ಜಿ. ಹೀಗಾಗಿ ಅನಿಮೋನ್ ತರುವವರು, ಊರಿಗೆ ಹೋದಾಗ ಅಥವಾ ಮನೆ ಬದಲಾಯಿಸಿದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ.

ಆ ಅಜ್ಜಿಯ ಬಳಗ ಐರ್‌ಲೆಂಡಿನ ಬಂಡೆಗಳ ಮೇಲೂ ಇದೆ. ನೀರು ಇಳಿದಾಗ ಕಲ್ಲಿಗೆ ಅಂಟಿದ ಕೆಂಪು ಜೆಲ್ಲಿಯ ಮುದ್ದೆಯಂತೆ ಕಾಣುವುದು ಅದೇ; ನೀರು ಏರಿದರೆ ಅರಳುತ್ತದೆ. ಮಕ್ಕಳು ಮನೆಗೆ ಒಯ್ಯೋಣ ಎಂದು ಹಟ ಮಾಡುತ್ತಾರೆ, ಬಗ್ಗಬೇಡಿ. ಅದು ತಣ್ಣೀರಿನ ಜೀವ, ನಮ್ಮ 26 ಡಿಗ್ರಿಯ ತೊಟ್ಟಿಯಲ್ಲಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಇಳಿತದ ವೇಳೆ ನೋಡಿಕೊಂಡು, ಬುತ್ತಿ ಕಟ್ಟಿಕೊಂಡು ಅವರನ್ನೇ ಅಲ್ಲಿಗೆ ಕರೆದೊಯ್ಯಿರಿ. ಬಂಡೆ ಜಾರುತ್ತದೆ, ಒಳ್ಳೆಯ ಬೂಟು ಇರಲಿ.