ಮೊದಲು ಕಂಠ, ಆಮೇಲೆ ಕ್ಲಾರಿಯೊನೆಟ್

ವಾಲಗದ ದನಿಗೆ ಹೆಜ್ಜೆಯಿಡುವ ಹುದಿಕೇರಿಯವರಿಗೆ, ಊದುವ ವಾದ್ಯದಲ್ಲಿ ಭಾವವುಂಟೆಂದು ಬೋಧಿಸಬೇಕಾದುದಿಲ್ಲ. ಆದರೆ ಕ್ಲಾರಿಯೊನೆಟ್ ಶಿಬಿರಗಳಲ್ಲಿ ವಿದ್ವಾಂಸರು ಒಂದು ಗಮಕವನ್ನು ಊದುವುದು, ಶಿಷ್ಯರು ಅದನ್ನೇ ಒಪ್ಪಿಸುವುದು, ಇದಕ್ಕೆ ಭಾವಶಿಕ್ಷಣವೆಂದು ಹೆಸರಿಡುವುದು, ಈ ಪದ್ಧತಿಯನ್ನು ಖಂಡಿಸದೆ ವಿಧಿಯಿಲ್ಲ. ಅದು ಗಿಳಿಪಾಠವೇ ಹೊರತು ವಿದ್ಯೆಯಲ್ಲ.

ಈ ವಾದ್ಯದ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ಕೊಡುತ್ತವೆ; ಅವನ್ನು ಬೆಸೆಯತಕ್ಕವು ತುಟಿ, ಉಸಿರು ಮತ್ತು ಮೆಲ್ಲನೆ ಸರಿಯುವ ಬೆರಳು. ಎಲ್ಲಿ ಬೆಸೆಯಬೇಕು, ಎಲ್ಲಿ ಉಸಿರೆಳೆಯಬೇಕು ಎಂಬುದನ್ನು ತಿಳಿಸುವುದು ಸಾಹಿತ್ಯ. ಹಾಡಿ ಅರಿಯದವನು ಪದವನ್ನು ನಡುವೆಯೇ ಮುರಿಯುತ್ತಾನೆ.

ವಿದೇಶೀ ವಾದ್ಯಕ್ಕೆ ನಮ್ಮ ರಾಗಭಾವ ಒಗ್ಗದೆನ್ನುವರೂ ಉಂಟು. ಅವರಿಗೆ ಉತ್ತರ ದೊರೆತಾಗಿದೆ. ರಾಯಚೂರಿನ ನರಸಿಂಹಲು ವಡವಾಟಿಯವರು ಕಲಿತದ್ದು ಗಾಯಕರಾದ ಸಿದ್ಧರಾಮ ಜಂಬಲದಿನ್ನಿಯವರಲ್ಲಿ. 2008ರಲ್ಲಿ ಸಂಗೀತ ಕಲಾನಿಧಿ ಬಿರುದಿಗೆ ಪಾತ್ರರಾದ ಎ.ಕೆ.ಸಿ. ನಟರಾಜನ್ ಅವರೂ ಆಲತ್ತೂರು ವೆಂಕಟೇಶಯ್ಯರ್ ಅವರಲ್ಲಿ ಗಾಯನವನ್ನು ಅಭ್ಯಸಿಸಿದವರು. ವಾದ್ಯ ಯಾವ ದೇಶದ್ದಾದರೇನು, ದಾರಿ ಕಂಠದ್ದೇ.

ಆದಕಾರಣ ನಮ್ಮೂರಿನಲ್ಲಿ ಇಂಥ ಶಿಬಿರವಾಗುವುದಾದರೆ, ಮೊದಲ ದಿನ ವಾದ್ಯವು ಪೆಟ್ಟಿಗೆಯಲ್ಲಿಯೇ ಇರಲಿ; ಶಿಷ್ಯನು ಹಾಡಲಿ. ಅನಂತರ ಗುರುವಿಗಿಂತ ಬೇರೆಯಾಗಿ ಊದಿದನಾದರೆ ಅವನನ್ನು ಗದರಿಸದೆ ಕಾರಣವನ್ನು ಕೇಳಲಿ. ಕಾರಣ ಹೇಳಬಲ್ಲವನೇ ಭಾವವನ್ನು ಕಲಿತವನು. ಉಳಿದವರು ಗುರುವಿನ ಪ್ರತಿಧ್ವನಿಗಳು ಮಾತ್ರ.