ವಿಡಿಯೋ ಆಟವೂ ಮನೆಯ ನಿಯಮವೂ

1958ನೆಯ ಇಸವಿಯ ಅಕ್ಟೋಬರ್ ತಿಂಗಳು. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಶಾಲೆಯನ್ನು ನೋಡಬರುವ ಸಾರ್ವಜನಿಕರಿಗೆ ಬೇಸರವಾಗದಿರಲೆಂದು ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಒಂದು ಉಪಾಯ ಹೂಡಿದನು. ಆಸಿಲೋಸ್ಕೋಪಿನ ಪುಟ್ಟ ತೆರೆಯ ಮೇಲೆ ಬೆಳಕಿನ ಚುಕ್ಕೆಯೊಂದು ಚೆಂಡಿನಂತೆ ಬಲೆಯನ್ನು ದಾಟಿ ಪುಟಿಯುವ ಟೆನಿಸ್ ಆಟವದು. ಅದನ್ನಾಡಲು ಜನರು ಸಾಲುಗಟ್ಟಿ ನಿಂತರು. ವಿಡಿಯೋ ಆಟಗಳ ಮೂಲಪುರುಷರಲ್ಲಿ ಒಬ್ಬನು ಭೌತವಿಜ್ಞಾನಿಯೆಂಬುದು ನನ್ನಂತಹ ಅಧ್ಯಾಪಕನಿಗೆ ಹೆಮ್ಮೆಯ ವಿಷಯವೇ ಸರಿ. ಆದುದರಿಂದ, ಆ ಆಟಗಳ ಹೆಸರೆತ್ತಿದೊಡನೆ ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ.

ಆದರೂ ಒಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚಿದೆ. ಅಥಣಿ ತಾಲ್ಲೂಕಿನ ಸತ್ತಿಯಂತಹ ಕೃಷ್ಣಾತೀರದ ಊರುಗಳಲ್ಲಿ ಕಬ್ಬಿಗೆ ನೀರು ಹಾಯಿಸಲು ರೈತರು ರಾತ್ರಿಯ ಹೊತ್ತು ಹೊಲಕ್ಕೆ ಹೋಗುವುದುಂಟು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಹಾಗೆ ಹೋಗಿ ನಡುರಾತ್ರಿ ಮನೆಗೆ ಮರಳಿದಾಗ ಮಗನ ಹೊದಿಕೆಯೊಳಗೆ ಬೆಳಕು ಕಂಡಿತು. ಮರುದಿನ ಮೊಬೈಲು ಟ್ರಂಕನ್ನು ಸೇರಿ ಬೀಗ ಬಿದ್ದಿತು. ಹುಡುಗನು ಊಟ ಬಿಟ್ಟು ಕುಳಿತನು. “ನಮ್ಮಪ್ಪಗ ನೀವಾದರೂ ಹೇಳ್ರಿ, ಸರ್” ಎಂದು ಅವನು ನನ್ನಲ್ಲಿಗೆ ಬಂದನು. “ಇವಗ ನೀವಾದರೂ ಬುದ್ಧಿ ಹೇಳ್ರಿ, ಸರ್” ಎಂದು ತಂದೆಯೂ ಬಂದರು. ಪಾಠಕ್ಕೆಂದು 2020ರಲ್ಲಿ ಸಾಲ ಮಾಡಿ ತಂದ ಮೊಬೈಲು ಈಗ ತಂದೆ-ಮಗನ ನಡುವೆ ಮಾತೇ ಇಲ್ಲದಂತೆ ಮಾಡಿತ್ತು.

ವಿದ್ಯಾರ್ಥಿಮಿತ್ರರೇ, ನಾಗರಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಒಮ್ಮೆ ಜೀಕಿ ಬಿಟ್ಟರೆ ಅದು ಗಾಳಿಯ ತಡೆಯಿಂದಲೂ ಹಗ್ಗದ ಘರ್ಷಣೆಯಿಂದಲೂ ಶಕ್ತಿಯನ್ನು ಕಳೆದುಕೊಂಡು ಮೆಲ್ಲನೆ ನಿಲ್ಲುವುದು. ಆದರೆ ಅದರ ಲಯವರಿತು ಪ್ರತಿ ಸಲವೂ ಕೊಂಚ ನೂಕುತ್ತಿದ್ದರೆ, ಅದು ನಿಲ್ಲದಿರುವುದಷ್ಟೇ ಅಲ್ಲ, ಇನ್ನೂ ಮೇಲೇರುವುದು. ಅಂಗಳದ ಕಬಡ್ಡಿಯನ್ನು ನಿಲ್ಲಿಸಲು ಕತ್ತಲೆಯೂ ಮೈದಣಿವೂ ಇವೆ. ಮೊಬೈಲಿನ ಆಟಕ್ಕೆ ಅಂತಹ ತಡೆಯಿಲ್ಲ. ನಾವು ಸಾಕೆನ್ನುವ ಹೊತ್ತಿಗೆ ಸರಿಯಾಗಿ ಹೊಸ ಬಹುಮಾನವೊಂದು ಬಂದು ನೂಕುತ್ತದೆ. ಆ ಬಹುಮಾನ ಯಾವಾಗ ದೊರೆಯುವುದೆಂದು ಮೊದಲೇ ತಿಳಿಯದಿರುವುದರಲ್ಲಿಯೇ ಅದರ ಸೆಳೆತವಿದೆ. ಅನಿಶ್ಚಿತವಾಗಿ ಕಾಳು ದೊರೆತಾಗ ಪಾರಿವಾಳಗಳು ಬಿಡದೆ ಕುಕ್ಕುತ್ತಲೇ ಇರುವುದನ್ನು ಮನಶ್ಶಾಸ್ತ್ರಜ್ಞ ಸ್ಕಿನ್ನರನು 1950ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದನು. ಆದುದರಿಂದ ಆಟವನ್ನು ನಿಲ್ಲಿಸಲಾಗದವನನ್ನು ಸೋಮಾರಿಯೆಂದು ಜರೆಯುವುದು ನ್ಯಾಯವಲ್ಲ.

ಹಾಗಾದರೆ ಬೇಕಾದುದೇನು? ಘರ್ಷಣೆ. ಯಂತ್ರದಲ್ಲಿ ನಾವು ಅದನ್ನು ದೂರುತ್ತೇವೆ. ಆದರೆ ಅದಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರೆವು. ಮನೆಯ ನಿಯಮವೆಂದರೆ ಇಂತಹ ಘರ್ಷಣೆಯೇ. ಅದು ತೀರ ಹೆಚ್ಚಾದರೆ ಕಾವೇರಿ ಕಿಡಿ ಹಾರುತ್ತದೆಂಬುದನ್ನು ಹಿರಿಯರೂ ಮರೆಯಬಾರದು.

ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ಒಂದು ಪ್ರಯೋಗ ನಡೆಯಿತು. ಸಂಜೆ 7 ಗಂಟೆಗೆ ಗುಡಿಯ ಮೇಲಿನ ಭೋಂಗಾ ಕೂಗಿದೊಡನೆ ಮನೆಮನೆಯ ದೂರದರ್ಶನವೂ ಮೊಬೈಲೂ ಒಂದೂವರೆ ಗಂಟೆಯ ಕಾಲ ಮುಚ್ಚಬೇಕು. ಈ ನಿಯಮದ ಬಲವು ಭೋಂಗಾದಲ್ಲಿಲ್ಲ. ಅದು ಹಿರಿಯರಿಗೂ ಕಿರಿಯರಿಗೂ ಒಂದೇ ಆಗಿರುವುದರಲ್ಲಿದೆ. ತಾನು ವಿಡಿಯೋ ನೋಡುತ್ತಲೇ ಮಗನಿಗೆ ಓದೆನ್ನುವ ತಂದೆಯ ಮಾತಿಗೆ ಬೆಲೆಯೆಲ್ಲಿಯದು?

ನನ್ನ ವಿದ್ಯಾರ್ಥಿಗೆ ನಾನು ಉಪದೇಶ ಮಾಡಲಿಲ್ಲ; ಒಂದು ನೋಟುಪುಸ್ತಕ ಕೊಟ್ಟೆ. ಆಟ ಆರಂಭಿಸಿದ ವೇಳೆ, ನಿಲ್ಲಿಸಬೇಕೆಂದುಕೊಂಡ ವೇಳೆ, ನಿಲ್ಲಿಸಿದ ವೇಳೆ — ಈ ಮೂರನ್ನು 14 ದಿನ ಬರೆಯೆಂದೆ. ಅಷ್ಟು ದಿನ ಟ್ರಂಕಿನ ಬೀಗ ತೆರೆದಿಡಬೇಕೆಂದು ತಂದೆಯನ್ನೂ ಒಪ್ಪಿಸಿದೆ. “ದಿನಕ್ಕೆ ಒಂದು ತಾಸು” ಎಂದಿದ್ದವನ ಲೆಕ್ಕ ಎರಡೂವರೆ ತಾಸಿಗೆ ನಿಂತಿತು. ಅಂಕಿಗಳು ಬೈಯುವುದಿಲ್ಲ, ಆದುದರಿಂದ ಅವನು ಅವುಗಳೊಡನೆ ಜಗಳವಾಡಲಿಲ್ಲ. ಹರೆಯದವರಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ರಾತ್ರಿಯ ಪ್ರಖರ ಬೆಳಕು ನಿದ್ರೆಯ ಸೂಚನೆ ನೀಡುವ ಮೆಲಟೋನಿನ್ ಎಂಬ ರಸದೂತವನ್ನು ತಗ್ಗಿಸುತ್ತದೆ. ತರಗತಿಯಲ್ಲಿ ತೂಕಡಿಸುವುದಕ್ಕೆ ಕಾರಣವೂ ಅವನಿಗೇ ಹೊಳೆಯಿತು.

ಬಳಿಕ ತಂದೆ-ಮಗ ಕುಳಿತು ನಿಯಮ ಮಾಡಿದರು. ನಡುವೆಯೇ “ನಿಲ್ಲಿಸು” ಎನ್ನಬಾರದು, ಏಕೆಂದರೆ ಜೊತೆಯಾಟಗಾರರನ್ನು ಕೈಬಿಟ್ಟಂತಾಗುತ್ತದೆ. ಸಂಜೆ ಎರಡು ಪಂದ್ಯ ಮುಗಿದೊಡನೆ ಮಾತ್ರ ಆಟ ಮುಗಿಯಬೇಕು. ರಾತ್ರಿ ಎಲ್ಲರ ಮೊಬೈಲೂ ಪಡಸಾಲೆಯಲ್ಲಿಯೇ ಇರಬೇಕು, ತಂದೆಯದು ಕೂಡ. ತೆರವಾದ ವೇಳೆಯನ್ನು ಬರಿದಾಗಿ ಬಿಟ್ಟರೆ ಹಳೆಯ ಚಾಳಿಯೇ ಅದನ್ನು ತುಂಬುವುದು. ಅದಕ್ಕೆಂದು ಅವನು ರವಿವಾರ ತಂದೆಯೊಡನೆ ಹೊಲಕ್ಕೆ ಹೋಗಿ ಪಂಪಿನ ಮೋಟಾರು ತಿರುಗುವ ಬಗೆಯನ್ನು ಕಲಿಯತೊಡಗಿದನು. ಮೂರು ಫೇಸಿನ ವಿದ್ಯುತ್ತಿನ ವಿಷಯವಾಗಿ ಈಗ ಅವನು ಕೇಳುವ ಪ್ರಶ್ನೆಗಳಿಗೆ ನಾನೇ ಪುಸ್ತಕ ತಿರುವಬೇಕಾಗಿದೆ. ನಿಯಮ ನಡುನಡುವೆ ಮುರಿದುದೂ ಉಂಟು. ಆದರೆ ಮತ್ತೆ ಮಾತಾಡಿ ಸರಿಪಡಿಸಿಕೊಂಡರು.

ಒಂದು ಎಚ್ಚರಿಕೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿಯಾದರೂ ಬಿಡಲಾಗದಿರುವುದು — ಇವು ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ಅದನ್ನು ವ್ಯಾಧಿಯೆಂದು ಪರಿಗಣಿಸುವ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು 2022ರ ಜನವರಿಯಿಂದ ಜಾರಿಯಲ್ಲಿದೆ. ಅಂತಹವರಿಗೆ ಬೇಕಾದುದು ಬೈಗುಳವಲ್ಲ, ವೈದ್ಯರ ನೆರವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಚಿಕಿತ್ಸಾಲಯವುಂಟು. ಉಳಿದ ನಮಗೆಲ್ಲ ಒಂದು ನೋಟುಪುಸ್ತಕವೂ ತಂದೆ-ತಾಯಿಯರೊಡನೆ ಅರ್ಧ ತಾಸಿನ ಮಾತೂ ಸಾಕು. ಆ ಮಾತನ್ನು ಹಿರಿಯರೇ ಆರಂಭಿಸಲೆಂದು ಕಾಯದಿರಿ. ನಿಮ್ಮ ಲೆಕ್ಕವನ್ನು ನೀವೇ ಬರೆದು ಅವರ ಮುಂದಿಡಿರಿ.