ನಗರಸಭೆಯ ಕುರ್ಚಿ ಯಾರಿಗೆ?

ನಿವೃತ್ತ ಶಿಕ್ಷಕರೊಬ್ಬರು ನಗರಸಭೆಗೆ ಸ್ಪರ್ಧಿಸುತ್ತೇನೆಂದರೆ ನಮ್ಮವರು ಮೊದಲು ಕೇಳುವುದು, "ಈ ವಯಸ್ಸಿನಲ್ಲಿ ರಾಜಕೀಯವೇಕೆ?" ಅವರು ಹೊಳೆದಂಡೆಯ ಕಸ ಹೆಕ್ಕುವಾಗ, ಗಿಡ ನೆಡುವಾಗ ಹೊಗಳಿದವರದೇ ಈ ಪ್ರಶ್ನೆ. ಸೇವೆ ಪವಿತ್ರ, ಅಧಿಕಾರ ಮಲಿನ ಎಂಬ ವಿಂಗಡಣೆಯನ್ನು ನಾವು ಊರಿನಿಂದಲೇ ಗಂಟು ಕಟ್ಟಿಕೊಂಡು ಬಂದಿದ್ದೇವೆ.

ಶಿಕಾಗೊದ ಆಗ್ನೇಯ ಭಾಗದಲ್ಲಿ ಮರಿಯನ್ ಬರ್ನ್ಸ್ ಎಂಬ ಶಾಲಾ ಶಿಕ್ಷಕಿಯಿದ್ದರು. ಉಕ್ಕಿನ ಕಾರ್ಖಾನೆಗಳು ಮತ್ತು ಕಸದ ದಿಬ್ಬಗಳ ಸೀಮೆ ಅದು. 1970ರ ದಶಕದ ಕೊನೆಯಲ್ಲಿ, ಅವರ ಮನೆಯ ಹಿಂದೆ ಅಳಿದುಳಿದಿದ್ದ ಹುಲ್ಲುಗಾವಲಿನಲ್ಲಿ ಬಸ್ ಡಿಪೊ ಕಟ್ಟುವ ಯೋಜನೆ ಬಂತು. ನೆರೆಹೊರೆಯವರನ್ನು ಕೂಡಿಸಿ ಅದನ್ನು ತಡೆದರು. ನಿವೃತ್ತಿಯ ವರ್ಷಗಳೆಲ್ಲ ಆ ಪ್ರದೇಶದ ಜೌಗುನೆಲ, ಗಾಳಿ, ನೀರಿನ ರಕ್ಷಣೆಗೇ ಸಂದವು. 2010ರಲ್ಲಿ ತೀರಿಕೊಂಡರು, ಆ ಹುಲ್ಲುಗಾವಲಿಗೆ ಇಂದು ಅವರದೇ ಹೆಸರು.

ಈ ಕಥೆಯನ್ನು ಹೇಳುವಾಗ ನನಗೆ ಸಂತೋಷದೊಂದಿಗೆ ಕಸಿವಿಸಿಯೂ ಆಗುತ್ತದೆ. ಸಭಾಂಗಣದ ಹೊರಗೆ ಅರ್ಜಿ ಹಿಡಿದು ನಿಂತವರ ಹೋರಾಟ ಯಾವಾಗಲೂ ತಡವಾಗಿಯೇ ಆರಂಭವಾಗುತ್ತದೆ. ಅಷ್ಟರಲ್ಲಿ ಒಳಗೆ ನಕ್ಷೆ ಸಿದ್ಧವಾಗಿರುತ್ತದೆ. ಸಿರಿವಂತರ ಲಿಂಕನ್ ಪಾರ್ಕಿನಿಂದ ಲೋಹದ ಗುಜರಿ ಪುಡಿಮಾಡುವ ಘಟಕವನ್ನು ಇದೇ ಆಗ್ನೇಯ ಭಾಗಕ್ಕೆ ಸಾಗಿಸಲು ಹೊರಟಾಗ, 2021ರಲ್ಲಿ ಅಲ್ಲಿನ ನಿವಾಸಿಗಳು ಉಪವಾಸ ಕೂರಬೇಕಾಯಿತು. ಕೂತವರಲ್ಲಿ ಶಿಕ್ಷಕರೂ ಇದ್ದರು. ಅನುಮತಿ ನಿರಾಕರಣೆಯಾದದ್ದು 2022ರ ಫೆಬ್ರುವರಿಯಲ್ಲಿ. ಡೆಟ್ರಾಯಿಟಿನ ಕಸ ಸುಡುವ ಘಟಕದ ಕಥೆ ಇನ್ನೂ ದೀರ್ಘ. 1980ರ ದಶಕದ ಕೊನೆಯಲ್ಲಿ ನಗರಾಡಳಿತವೇ ತೆರೆದ ಆ ಚಿಮಣಿ ಆರಿದ್ದು 2019ರ ಮಾರ್ಚಿನಲ್ಲಿ. ಒಂದಿಡೀ ತಲೆಮಾರಿನ ಮಕ್ಕಳು ಅದರ ಹೊಗೆಯಲ್ಲಿ ಬೆಳೆದರು.

ಯಾವ ಜಾಗ ಯಾವುದಕ್ಕೆ, ಮಳೆನೀರು ಎತ್ತ ಹರಿಯಬೇಕು, ಕಸದ ಗುತ್ತಿಗೆ ಯಾರಿಗೆ ಎಂಬುದನ್ನೆಲ್ಲ ತೀರ್ಮಾನಿಸುವುದು ಸ್ಥಳೀಯ ಆಡಳಿತ. ಮೂವತ್ತು ವರ್ಷ ಅದೇ ಊರಿನ ಮಕ್ಕಳಿಗೆ ಪಾಠ ಹೇಳಿದವರಿಗೆ ಯಾರ ಮನೆಯ ನೆಲಮಾಳಿಗೆಗೆ ನೀರು ನುಗ್ಗುತ್ತದೆ, ಯಾವ ಮಗುವಿಗೆ ಉಬ್ಬಸ ಎಂಬುದು ಗೊತ್ತಿರುತ್ತದೆ. ಅಂಥವರು ಸಭೆಯ ಒಳಗಿದ್ದರೆ ಪ್ರಶ್ನೆ ನಕ್ಷೆಗಿಂತ ಮೊದಲೇ ಬರುತ್ತದೆ.

ನಾವಾದರೋ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ರಾತ್ರಿಯಿಡೀ ವಾದಿಸಿ, ಇಲಿನಾಯ್ ಉಪನಗರಗಳ ಬೆಸವರ್ಷದ ಏಪ್ರಿಲ್ ಮತದಾನವನ್ನು ಮರೆಯುತ್ತೇವೆ. ನಾವಷ್ಟೇ ಅಲ್ಲ: 2023ರ ಶಿಕಾಗೊ ಮೇಯರ್ ಚುನಾವಣೆಯ ಎರಡೂ ಸುತ್ತುಗಳಲ್ಲಿ ಮತದಾನ ಶೇ. 40 ಮುಟ್ಟಲಿಲ್ಲ. ಬೆಂಗಳೂರಿನ ಕೆರೆಗಳಿಗಾಗಿ ಇಲ್ಲಿಂದಲೇ ಮರುಗುವ ನಾವು, 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪಾಲಿಕೆಯ ಅವಧಿ ಮುಗಿದು, ಚುನಾಯಿತ ಸದಸ್ಯರಿಲ್ಲದೆ ವರ್ಷಗಳು ಉರುಳಿದಾಗ ಎಷ್ಟು ಮಾತಾಡಿದೆವು?

ಪೌರತ್ವವಿಲ್ಲವೆಂಬುದು ನಮ್ಮ ಹಳೆಯ ನೆಪ. ಶಿಕಾಗೊದ ಸ್ಥಳೀಯ ಶಾಲಾ ಮಂಡಳಿಗಳ ಚುನಾವಣೆಯಲ್ಲಿ ಪೌರರಲ್ಲದ ಪೋಷಕರೂ ಮತ ಹಾಕಬಹುದು, ಸ್ಪರ್ಧಿಸಲೂಬಹುದು. ಇನ್ನು ನಗರಸಭೆಯಲ್ಲಿ ಸಾರ್ವಜನಿಕರಿಗೆ ಮೀಸಲಾದ ಆ ಕೆಲವು ನಿಮಿಷ ಎದ್ದು ಮಾತಾಡುವವರ ಪಾಸ್‌ಪೋರ್ಟನ್ನು ಯಾರೂ ಕೇಳುವುದಿಲ್ಲ.